ಬೆನ್ನೆಲುಬಿನಲ್ಲೊಂದು ತಿರುಪುಮೊಳೆ

ಮರಗೆಲಸ ಬಲ್ಲವನಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆಯೇ ತಿಳಿದಿರುತ್ತದೆ. ತೇಗದ ಹಲಗೆಯಲ್ಲಿ ಭದ್ರವಾಗಿ ನಿಲ್ಲುವ ತಿರುಪುಮೊಳೆ ಬೂರುಗದ ಹಲಗೆಯಲ್ಲಿ ನಿಲ್ಲದು. ಮೊಳೆ ಅದೇ, ತಿರುಚಿದ ಕೈಯೂ ಅದೇ. ಆದರೂ ಹಿಡಿತ ಬೇರೆ. ಹಿಡಿತವೆಂಬುದು ಮೊಳೆಗೂ ಮರಕ್ಕೂ ನಡುವೆ ಏರ್ಪಡುವ ಒಂದು ಸಂಬಂಧ. ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯ ಬಹುದೊಡ್ಡ ಸಮಸ್ಯೆಯೊಂದರ ತಿರುಳೂ ಇಷ್ಟೇ ಎಂದರೆ ವಾಚಕರಿಗೆ ಆಶ್ಚರ್ಯವಾದೀತು.

ಬೆನ್ನಿನ ಮಣಿ ಮುರಿದಾಗ, ಒಂದರ ಮೇಲಿನಿಂದ ಇನ್ನೊಂದು ಜಾರಿದಾಗ, ಬೆನ್ನು ಡೊಂಕಾಗಿ ಬೆಳೆದಾಗ, ಕ್ಷಯವು ಮಣಿಯನ್ನೇ ತಿಂದುಹಾಕಿದಾಗ, ಆ ಭಾಗವು ಅಲುಗದಂತೆ ವೈದ್ಯನು ಬಿಗಿಯಬೇಕಾಗುತ್ತದೆ. 1891ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಬರ್ಟ್‌ಹೋಲ್ಡ್ ಹಾಡ್ರ ಎಂಬ ವೈದ್ಯನು ಕತ್ತಿನ ಮಣಿಗಳ ಹಿಂಬದಿಯ ಚಾಚುಗಳಿಗೆ ತಂತಿ ಸುತ್ತಿ ಈ ಕಾರ್ಯವನ್ನು ಸಾಧಿಸಹೊರಟನು. ಮುಂದೆ 1944ರಲ್ಲಿ ಡಾನ್ ಕಿಂಗ್ ಮಣಿಗಳ ಹಿಂಭಾಗದ ಕೀಲುಗಳಿಗೆ ಚಿಕ್ಕ ತಿರುಪುಗಳನ್ನು ಹಾಕಿದನು. 1959ರಲ್ಲಿ ಕೆನಡಾದ ಹೆರಾಲ್ಡ್ ಬೌಚರ್ ಇನ್ನೂ ಉದ್ದನೆಯ ತಿರುಪುಗಳನ್ನು ಆಳಕ್ಕೆ ಕಳುಹಿಸಿದನು. 1963ರಲ್ಲಿ ಪ್ಯಾರಿಸ್ಸಿನ ರೇಮಂಡ್ ರಾಯ್-ಕಮಿಲ್ ಮಣಿಯ ‘ತೊಟ್ಟಿ’ನ ಮೂಲಕವೇ ನೇರವಾಗಿ ತಿರುಪನ್ನು ತೂರಿಸಿ, ಅವುಗಳನ್ನು ಲೋಹದ ಪಟ್ಟಿಯಿಂದ ಜೋಡಿಸಿದನು. ಇಂದಿನ ವಿಧಾನದ ಬುನಾದಿ ಅದು.

ಈ ತೊಟ್ಟು ಎಂದರೇನು? ಪ್ರತಿಯೊಂದು ಮಣಿಗೂ ಮುಂದೆ ಡೋಲಿನಂಥ ಒಂದು ಒಡಲುಂಟು; ಹಿಂದೆ ಬೆನ್ನುಹುರಿಯನ್ನು ಕಾಯುವ ಕಮಾನುಂಟು. ಇವೆರಡನ್ನೂ ಕೂಡಿಸುವ ಗಿಡ್ಡನೆಯ ಎರಡು ಮೂಳೆಗಂಬಗಳೇ ತೊಟ್ಟುಗಳು. ವೈದ್ಯರು ‘ಪೆಡಿಕಲ್’ ಎನ್ನುತ್ತಾರೆ. ಮಣಿಯಲ್ಲಿ ತೊಟ್ಟಿನಷ್ಟು ಗಟ್ಟಿಯಾದ ತಾಣ ಇನ್ನೊಂದಿಲ್ಲ. ಆದರೆ ಅದರ ಒಳಗೋಡೆಯ ಆಚೆಗೇ ಬೆನ್ನುಹುರಿ; ಕೆಳಗಡೆಯೇ ನರದ ಬೇರು. ಎದೆಯ ನಡುಭಾಗದಲ್ಲಿ ತೊಟ್ಟಿನ ಅಗಲ ಅನೇಕರಲ್ಲಿ 5 ಮಿಲಿಮೀಟರಿನಷ್ಟು ಮಾತ್ರ. ಸೊಂಟದ ಕೊನೆಯ ಮಣಿಯಲ್ಲಿ ಸಾಮಾನ್ಯವಾಗಿ 10ನ್ನು ಮೀರುತ್ತದೆ. ತಿರುಪನ್ನು ರೂಪಿಸುವವನಿಗೆ ಪ್ರಕೃತಿ ಬಿಟ್ಟುಕೊಟ್ಟಿರುವ ಜಾಗ ಇಷ್ಟೇ.

ಈ ಇಕ್ಕಟ್ಟಿನಲ್ಲಿ ಅವನು ಎರಡು ಬೇಡಿಕೆಗಳನ್ನು ತೂಗಬೇಕು. ತಿರುಪನ್ನು ಹಿಂದಕ್ಕೆ ಎಳೆದರೆ ಸೋಲುವುದು ಸಾಮಾನ್ಯವಾಗಿ ಲೋಹವಲ್ಲ. ಸುತ್ತುಗಳ ನಡುವೆ ಸಿಕ್ಕಿಕೊಂಡ ಮೂಳೆ. ತಿರುಪು ಕಿತ್ತುಬರುವಾಗ ತನ್ನ ಹೊರವ್ಯಾಸದಷ್ಟು ದಪ್ಪನೆಯ ಮೂಳೆಯ ಉರುಳೆಯೊಂದನ್ನು ಕತ್ತರಿಸಿಕೊಂಡೇ ಬರಬೇಕು. ಆದುದರಿಂದ ಹೊರವ್ಯಾಸ ಹೆಚ್ಚಿದಷ್ಟೂ, ಸುತ್ತುಗಳು ಆಳವಾದಷ್ಟೂ ಹಿಡಿತ ಹೆಚ್ಚು. ಆದರೆ ಹೊರವ್ಯಾಸಕ್ಕೆ ತೊಟ್ಟಿನ ಅಗಲವೇ ಮಿತಿ. ಆ ಮಿತಿಯೊಳಗೆ ಸುತ್ತನ್ನು ಆಳಗೊಳಿಸಬೇಕಾದರೆ ನಡುವಿನ ದಿಂಡನ್ನು ಸಣ್ಣಗೆ ಮಾಡಬೇಕು. ದಿಂಡು ಸಣ್ಣದಾದರೆ ತಿರುಪೇ ಮುರಿದೀತು. ಬಾಗಿಸುವ ಬಲವನ್ನು ತಡೆಯುವ ಶಕ್ತಿ ದಿಂಡಿನ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 4 ಮಿಲಿಮೀಟರ್ ದಿಂಡು 5 ಆದರೆ ಶಕ್ತಿ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ! ಹಿಡಿತವೋ, ಗಟ್ಟಿತನವೋ? ಒಂದನ್ನು ಹೆಚ್ಚಿಸಹೋದರೆ ಇನ್ನೊಂದು ಕುಗ್ಗುತ್ತದೆ.

ಈ ಜಗಳವನ್ನು ಬಗೆಹರಿಸಲು ಹೂಡಿರುವ ಉಪಾಯಗಳು ಸ್ವಾರಸ್ಯಕರವಾಗಿವೆ. ಕೆಲವು ತಿರುಪುಗಳ ದಿಂಡು ತುದಿಯತ್ತ ಮೊನಚಾಗುತ್ತ ಹೋಗುತ್ತದೆ. ಬಿಗಿದಂತೆಲ್ಲ ಅದು ಸುತ್ತಲ ಮೂಳೆಯನ್ನು ಒತ್ತಿ ಗಟ್ಟಿಮಾಡುತ್ತದೆ. ಆದರೆ ಇದನ್ನು ಒಮ್ಮೆ ಬಿಗಿದ ಮೇಲೆ ಸರಿಪಡಿಸಲೆಂದು ಹಿಂದಕ್ಕೆ ತಿರುಗಿಸಿದರೆ ಹಿಡಿತ ಸಡಿಲಗೊಳ್ಳುವ ಅಪಾಯವುಂಟು. ಇನ್ನು ಕೆಲವಕ್ಕೆ ಎರಡು ಬಗೆಯ ಸುತ್ತುಗಳು: ತೊಟ್ಟಿನ ಗಟ್ಟಿಮೂಳೆಗೆ ಒತ್ತೊತ್ತಾದ ಸುತ್ತು, ಒಡಲಿನ ಜಾಲರಮೂಳೆಗೆ ವಿರಳವೂ ಆಳವೂ ಆದ ಸುತ್ತು. ಎಡಬಲದ ತಿರುಪುಗಳನ್ನು ಒಳಮುಖವಾಗಿ ಓರೆಮಾಡಿ ಅಡ್ಡಪಟ್ಟಿಯಿಂದ ಕೂಡಿಸಿದರೆ, ಅವುಗಳ ನಡುವಿನ ಮೂಳೆಯನ್ನೆಲ್ಲ ಕಿತ್ತಲ್ಲದೆ ಅವು ಹೊರಬಾರವು.

ಆದರೆ ಮನುಷ್ಯನ ಬೆನ್ನಿನಲ್ಲಿ ಯಾರೂ ತಿರುಪನ್ನು ನೇರವಾಗಿ ಎಳೆಯುವುದಿಲ್ಲ. ರೋಗಿ ಏಳುತ್ತಾನೆ, ಕೂರುತ್ತಾನೆ, ಬಾಗುತ್ತಾನೆ. ಪ್ರತಿಸಲವೂ ತಿರುಪು ಕೂದಲೆಳೆಯಷ್ಟು ಮೇಲಕ್ಕೂ ಕೆಳಕ್ಕೂ ತೊನೆಯುತ್ತದೆ. ಸಾವಿರ ಸಾವಿರ ಸಲ ತೊನೆದು ತನ್ನ ರಂಧ್ರವನ್ನು ತಾನೇ ಅಗಲಿಸಿಕೊಳ್ಳುತ್ತದೆ. ಕ್ಷಕಿರಣದ ಚಿತ್ರದಲ್ಲಿ ಅದರ ಸುತ್ತ ಕರಿಯ ಅಂಚೊಂದು ಕಾಣುತ್ತದೆ.

ಇದರ ಪೂರ್ಣ ಬೆಲೆಯನ್ನು ತೆರುವವರು ವಯಸ್ಸಾದವರು, ಅದರಲ್ಲೂ ಮುಟ್ಟು ನಿಂತ ಹೆಂಗಸರು. ಅವರ ಮೂಳೆಯ ಜಾಲರ ಸವೆದು ತೆಳುವಾಗಿರುತ್ತದೆ. ಮರಗೆಲಸದವನ ಬೂರುಗದ ಹಲಗೆ ಇದೇ. ಅಂಥವರಿಗಾಗಿ ಟೊಳ್ಳಾದ, ಪಕ್ಕದಲ್ಲಿ ರಂಧ್ರಗಳುಳ್ಳ ತಿರುಪುಗಳು ಬಂದಿವೆ. ಅವುಗಳ ಮೂಲಕ ಮೂಳೆಯೊಳಕ್ಕೆ ‘ಸಿಮೆಂಟು’ ತುಂಬಬಹುದು. ಹಿಡಿತ ಬಹಳ ಹೆಚ್ಚುತ್ತದೆ, ನಿಜ. ಆದರೆ ಸಿಮೆಂಟು ರಕ್ತನಾಳಕ್ಕೆ ಸೋರಿ ಶ್ವಾಸಕೋಶವನ್ನು ಸೇರುವ ಭಯವಿದೆ. ಮುಂದೆ ತಿರುಪನ್ನು ತೆಗೆಯುವುದೂ ಕಷ್ಟ. 2009ರಿಂದ ಈಚೆಗೆ ಇನ್ನೊಂದು ದಾರಿಯೂ ಪ್ರಚಾರಕ್ಕೆ ಬಂದಿದೆ: ಚಿಕ್ಕ ತಿರುಪನ್ನು ಕೆಳಗಿನಿಂದ ಮೇಲಕ್ಕೂ ಒಳಗಿನಿಂದ ಹೊರಕ್ಕೂ ಓರೆಯಾಗಿಸಿ, ಆದಷ್ಟೂ ಗಟ್ಟಿಮೂಳೆಯನ್ನೇ ಕಚ್ಚುವಂತೆ ಮಾಡುವುದು. ತಿರುಪಿನ ರೂಪದಷ್ಟೇ ಅದರ ಮಾರ್ಗವೂ ಮುಖ್ಯವೆಂಬುದಕ್ಕೆ ಇದು ಸಾಕ್ಷಿ.

ಇಷ್ಟಾಗಿಯೂ ತಿರುಪು ಬೆನ್ನನ್ನು ಗುಣಪಡಿಸುವುದಿಲ್ಲ. ಅದು ಕಾಲಾವಕಾಶವನ್ನು ಗಳಿಸಿಕೊಡುತ್ತದೆ, ಅಷ್ಟೆ. ಆ ಅವಧಿಯಲ್ಲಿ ಮಣಿಗಳ ನಡುವೆ ಹೊಸ ಮೂಳೆ ಬೆಳೆದು ಅವು ಒಂದಾಗಬೇಕು. ಒಂದಾದರೆ ಭಾರವನ್ನು ಮೂಳೆ ಹೊರುತ್ತದೆ, ಲೋಹಕ್ಕೆ ವಿಶ್ರಾಂತಿ. ಒಂದಾಗದಿದ್ದರೆ ಎಂಥ ಉತ್ತಮ ತಿರುಪೂ ಕಡೆಗೊಂದು ದಿನ ಸಡಿಲವಾಗಬಹುದು, ಇಲ್ಲವೇ ದಣಿದು ಮುರಿಯಬಹುದು. ಕಮಾನು ಕಟ್ಟುವಾಗ ಕಲ್ಲುಗಳು ಕೂಡಿಕೊಳ್ಳುವವರೆಗೆ ಕೆಳಗೆ ಮರದ ಆಸರೆ ಕೊಡುತ್ತಾರಲ್ಲವೇ? ಆಸರೆಯ ಸಾರ್ಥಕತೆ ಕಮಾನು ತಾನೇ ನಿಲ್ಲುವುದರಲ್ಲಿದೆ. ಜೀವಂತ ಮೂಳೆಗೆ ಕೂಡಿಕೊಳ್ಳಲು ಬೇಕಾದಷ್ಟು ದಿನ ಅಲುಗದೆ ನಿಲ್ಲುವ ತಿರುಪು ತನ್ನ ಕೆಲಸವನ್ನು ಪೂರೈಸಿದಂತೆಯೇ ಸರಿ.