ಹೊಗೆಗೂಡಿನ ವಾಯುಸಂಚಾರ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ಸೌದೆಯೊಲೆಯ ಮೇಲೆ ಹೊಗೆಗೂಡನ್ನು ಕಟ್ಟಿರುವುದುಂಟು. ಅನಿಲದ ಒಲೆಯು ಬಂದಮೇಲೆ ಕೆಲವರು ಒಲೆಯ ಬಾಯನ್ನೂ ಗೂಡಿನ ಶಿರಸ್ಸನ್ನೂ ಇಟ್ಟಿಗೆಗಾರೆಗಳಿಂದ ಮುಚ್ಚಿಬಿಡುವರು. ಇದು ಯುಕ್ತವಲ್ಲ. ಏಕೆಂದರೆ, ಇಲ್ಲಿ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮಳೆಯು ಪ್ರಬಲವಾಗಿರುವುದು. ಗೋಡೆಯು ಹೀರಿದ ನೀರು ಗಾಳಿಯಾಡದ ಕುಹರದಲ್ಲಿ ಬೇಗ ಆರದು. ಹಳೆಯ ಮಸಿಯಲ್ಲಿರುವ ಲವಣಗಳು ಆ ತೇವದಲ್ಲಿ ಕರಗಿ, ಗೋಡೆಯ ಮೇಲೆ ಕಂದುಗಲೆಗಳಾಗಿ ತೋರುವುವು. ಎಷ್ಟು ಸಲ ಸುಣ್ಣ ಬಳಿದರೂ ಆ ಕಲೆಯು ಅಡಗದು.

ಪರಿಹಾರವು ಸುಲಭವಾದುದು. ಬಿಸಿಲಿಗೆ ಕಾದ ಗೂಡಿನ ಗಾಳಿಯು ಲಘುವಾಗಿ ಮೇಲೇರುವುದು. ಅದರ ಸ್ಥಾನಕ್ಕೆ ಕೆಳಗಿನಿಂದ ಬೇರೆ ಗಾಳಿಯು ಬರಬೇಕು. ಆದಕಾರಣ ಪ್ರವೇಶ, ನಿರ್ಗಮ ಎಂಬ ಎರಡು ದ್ವಾರಗಳೂ ಆವಶ್ಯಕ. ಮೊದಲು ಗೂಡಿನ ಮಸಿಯನ್ನು ಗುಡಿಸಿ ತೆಗೆಯಬೇಕು. ಮುಚ್ಚಿದ ಒಲೆಬಾಯಿಯಲ್ಲಿ ಒಂದು ಇಟ್ಟಿಗೆಯಷ್ಟು ಕಂಡಿಯನ್ನು ಬಿಡಬೇಕು. ಗೋವಿನ ಕಣ್ಣೆಂಬ ಅರ್ಥವುಳ್ಳ ‘ಗವಾಕ್ಷ’ ಶಬ್ದವು ಇದಕ್ಕೆ ಚೆನ್ನಾಗಿ ಒಪ್ಪುವುದು. ಶಿರಸ್ಸಿನಲ್ಲಿ ಮಳೆಯನ್ನು ತಡೆವ ಮುಚ್ಚಳವನ್ನಿಟ್ಟು, ಪಾರ್ಶ್ವಗಳನ್ನು ತೆರೆದು, ಅಳಿಲು ಹಕ್ಕಿಗಳು ಸೇರದಂತೆ ಜಾಲರಿಯನ್ನು ಕಟ್ಟಬೇಕು. ಗಿಲಾವಿಗೆ ಸಿಮೆಂಟಿಗಿಂತ ಸುಣ್ಣದ ಗಾರೆಯೇ ಲೇಸು. ಅದು ತೇವವನ್ನು ಹೊರಕ್ಕೆ ಬಿಡುವುದು.

ಹಬ್ಬ ಮದುವೆಗಳ ಅಡಿಗೆಗೆಂದು ಆ ಒಲೆಯನ್ನೇ ಮತ್ತೆ ಹೊತ್ತಿಸುವುದಾದರೆ, ಗೂಡನ್ನು ಮೇಲಿನವರೆಗೂ ತೆರವು ಮಾಡಿದಲ್ಲದೆ ಬೆಂಕಿಯಿಡಬಾರದು. ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಒಳಗೇ ನಿಂತು ಪ್ರಾಣಾಪಾಯವನ್ನು ಉಂಟುಮಾಡಬಲ್ಲದು.