ನೀರಿಗೆ ಬಗ್ಗದ ಹಿಡಿ

ಚಾಕು ಮಾಡುವವನ ಮೇಜಿನ ಮೇಲೆ ಗೇಣುದ್ದದ ಒಂದು ಮರದ ತುಂಡು ಬಿದ್ದಿದೆ. ಬದಿಯಿಂದ ನೋಡಿದರೆ ಕಪ್ಪು, ಕಂದು, ಮತ್ತೆ ಕಪ್ಪು, ಮತ್ತೆ ಕಂದು. ಅಡಿಕೋಲು ಇಟ್ಟು ಎಳೆದಂಥ ಪಟ್ಟಿಗಳು. ಎತ್ತಿದಾಗ ಕೈ ಒಂದಿಷ್ಟು ತಬ್ಬಿಬ್ಬಾಗುತ್ತದೆ, ಅಷ್ಟು ಸಣ್ಣ ತುಂಡಿಗೆ ಅಷ್ಟೊಂದು ಭಾರ. ಪಕ್ಕದ ಬಕೆಟ್ಟಿನ ನೀರಿಗೆ ಹಾಕಿದರೆ ನೇರ ತಳ ಸೇರುತ್ತದೆ.

ಅವನು ಅದನ್ನು ಬೆಲ್ಟ್ ಗ್ರೈಂಡರಿಗೆ ಒತ್ತುತ್ತಾನೆ. ಮೂಲೆ ಸವೆದು ದುಂಡಗಾದಂತೆ ನೆಟ್ಟಗಿದ್ದ ಪಟ್ಟಿಗಳು ಬಾಗತೊಡಗುತ್ತವೆ. ತೋರುಬೆರಳು ಕೂರುವ ತಗ್ಗಿನಲ್ಲಿ ಒಂದು ಮೊಟ್ಟೆಯಾಕಾರದ ಸುತ್ತು, ಅಂಗೈ ತುಂಬುವ ಉಬ್ಬಿನಲ್ಲಿ ಇನ್ನೊಂದು, ಅದರ ಹೊರಗೆ ಮತ್ತೊಂದು. ಭೂಪಟದಲ್ಲಿ ಗುಡ್ಡದ ಎತ್ತರ ತೋರಿಸುವ ಗೆರೆಗಳ ಹಾಗೆ. ಒಂದೇ ಹಲಗೆಯಿಂದ ಕೊಯ್ದ ಎರಡು ತುಂಡುಗಳನ್ನು ಇಬ್ಬರಿಗೆ ಕೊಟ್ಟರೆ ಎರಡು ಬೇರೆ ಚಿತ್ತಾರ ಮೂಡುತ್ತವೆ. ಏಳುವ ಹುಡಿಯಲ್ಲಿ ಮಾತ್ರ ಮರದ ಪರಿಮಳವಿಲ್ಲ, ಮೂಗಿಗೆ ಅಡರುವ ರಾಸಾಯನಿಕದ ಘಾಟು. ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬಾರದು.

ಪೇಟೆಯಲ್ಲಿ ಇದಕ್ಕೆ ಪಕ್ಕಾವುಡ್ ಎನ್ನುತ್ತಾರೆ. ಬರ್ಚ್‌ನಂಥ ಮರವನ್ನು ತೆಳ್ಳಗೆ ಹಾಳೆಯಾಗಿ ಸುಲಿದು, ಬಣ್ಣ ಕುಡಿಸಿ, ಫೀನಾಲಿಕ್ ರೆಸಿನ್‌ನಲ್ಲಿ ನೆನೆಸಿ ಒಣಗಿಸುತ್ತಾರೆ. ಆಮೇಲೆ ಒಂದರ ಮೇಲೊಂದು ಪೇರಿಸಿ ಬಿಸಿ ಪ್ರೆಸ್ಸಿನಲ್ಲಿ ಅದುಮುತ್ತಾರೆ. ಸುಮಾರು 150 ಡಿಗ್ರಿ ಶಾಖ. ಒತ್ತಡ ಚದರ ಸೆಂಟಿಮೀಟರಿಗೆ ಹತ್ತಿರಹತ್ತಿರ 70 ಕಿಲೋ. ಮರದೊಳಗಿನ ಟೊಳ್ಳುಗಳೆಲ್ಲ ಚಪ್ಪಟೆಯಾಗುತ್ತವೆ. ಜೀವಕೋಶದ ಗೋಡೆಯಲ್ಲಿ ನೀರು ಕೂರಬೇಕಾದ ಜಾಗವನ್ನು ರೆಸಿನ್ ಮೊದಲೇ ಹಿಡಿದು ಗಟ್ಟಿಯಾಗಿರುತ್ತದೆ. ಮರ ಉಬ್ಬುವುದೂ ಕುಗ್ಗುವುದೂ ಆ ನೀರಿನಿಂದಲೇ ತಾನೇ?

ಈ ವಿದ್ಯೆ ಬಲಿತದ್ದು ಅಮೆರಿಕದ ಮ್ಯಾಡಿಸನ್ ಊರಿನ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿ, ಆಲ್ಫ್ರೆಡ್ ಸ್ಟ್ಯಾಮ್ ಮತ್ತು ಸಂಗಡಿಗರ ಕೈಯಲ್ಲಿ. ಅವರಿಟ್ಟ ಹೆಸರು ಕಾಂಪ್ರೆಗ್. ಎರಡನೇ ಮಹಾಯುದ್ಧದ ಕಾಲಕ್ಕೆ ಅದು ವಿಮಾನದ ಪ್ರೊಪೆಲ್ಲರ್ ಆಯಿತು. ಮಗ್ಗದ ಲಾಳಿಯೂ ಆಯಿತು. ನಮ್ಮ ದೇಶದಲ್ಲೂ ಈ ಜಾತಿಯ ಮರ ದೊಡ್ಡ ಟ್ರಾನ್ಸ್‌ಫಾರ್ಮರುಗಳ ಹೊಟ್ಟೆಯೊಳಗೆ, ಎಣ್ಣೆಯಲ್ಲಿ ಮುಳುಗಿ, ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿದೆ. ಚಾಕುವಿನ ಲೋಕಕ್ಕೆ ಅದರ ಬಣ್ಣಬಣ್ಣದ ರೂಪವನ್ನು ಹಂಚಿದ್ದು ವರ್ಮಾಂಟ್‌ನ ರಟ್ಲೆಂಡ್ ಪ್ಲೈವುಡ್ ಕಾರ್ಖಾನೆ. 2014ರ ಆಗಸ್ಟ್‌ನಲ್ಲಿ ಅದು ಬೆಂಕಿಗೆ ಸಿಕ್ಕಿ ನಾಶವಾದಾಗ, ಅಲ್ಲಿಯ ಡೈಮಂಡ್‌ವುಡ್ ಎಂಬ ಸರಕನ್ನು ನೆಚ್ಚಿಕೊಂಡಿದ್ದ ಚಾಕು ತಯಾರಕರು ಬೇರೆ ಕಡೆ ಹುಡುಕಬೇಕಾಯಿತು.

ಚಾಕು ತಯಾರಿಸುವ ಜಪಾನಿನ ಸೆಕಿ ಊರಿಗೆ ಹೋದರೆ ಹಳತೂ ಹೊಸತೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಹಳೆಯ ಕ್ರಮದಲ್ಲಿ ಹಿಡಿಗೆ ಹೋ ಎಂಬ ಹಗುರ ಮರ, ಕುತ್ತಿಗೆಗೆ ಎಮ್ಮೆಕೊಂಬಿನ ಬಳೆ. ಅಲಗಿನ ಬಾಲವನ್ನು ಕಾಯಿಸಿ ಮರದೊಳಗೆ ಹೊಡೆದು ಕೂರಿಸುತ್ತಾರೆ. ನಮ್ಮ ಕಮ್ಮಾರರು ಕುಡುಗೋಲಿಗೆ ಕಾವು ಹಾಕುವುದೂ ಹೆಚ್ಚುಕಡಿಮೆ ಹಾಗೆಯೇ. ಆ ಹಿಡಿ ನೀರು ಹೀರುತ್ತದೆ, ಕಪ್ಪಾಗುತ್ತದೆ, ಸವೆದರೆ ಬದಲಾಯಿಸುತ್ತಾರೆ. ಅದೇ ಊರಿನಲ್ಲಿ ಹುಟ್ಟಿದ ಕಾಯ್ ಕಂಪನಿಯ ಹಲವು ಶುನ್ ಚಾಕುಗಳಿಗೆ ಕರಿ ಪಕ್ಕಾವುಡ್ ಹಿಡಿ, ಒಂದು ಬದಿಗೆ ಸಣ್ಣ ಏಣು, ಕೈಬೆರಳು ಮಡಚಿದಲ್ಲಿ ಸರಿಯಾಗಿ ಸಿಕ್ಕುವಂತೆ. ಒದ್ದೆ ಕೈಯಲ್ಲಿ ಜಾರದಿರುವುದರಲ್ಲಿ ನನ್ನ ಮತ ಇನ್ನೂ ಹೋ ಮರಕ್ಕೇ. ಪಕ್ಕಾವುಡ್ಡಿನ ನುಣುಪು ಮೀನು ಕೊಯ್ಯುವಾಗ ಸ್ವಲ್ಪ ಹೆಚ್ಚೇ ಆಯಿತು ಅನ್ನಿಸುತ್ತದೆ. ಹಸಿರು, ನೇರಳೆ, ಕಿತ್ತಳೆ ಪದರ ಬೆರೆಸಿದ ಹಿಡಿಗಳ ವಿಷಯ ಬಿಡಿ, ಅವು ಆಟಿಕೆ ಅಂಗಡಿಗೆ ಲಾಯಕ್ಕು.

ದಿನದ ಬಳಕೆಗೆ ಬಂದರೆ ಪಕ್ಕಾವುಡ್ಡೇ ಗೆಲ್ಲುತ್ತದೆ. ಹುಣಸೆಹುಳಿಯ ಕೈ, ಅರಿಸಿನದ ಕೈ, ನಲ್ಲಿಯ ನೀರು ಯಾವುದಕ್ಕೂ ಅದು ಬಿರಿಯುವುದಿಲ್ಲ, ರಿವೆಟ್ಟಿನ ಸುತ್ತ ಬಿರುಕು ಬಿಟ್ಟು ಕೊಳೆ ಕೂಡುವುದಿಲ್ಲ. ಹಾಗಂತ ಡಿಶ್‌ವಾಷರಿಗೆ ತುಂಬಬಾರದು. ತಾಸುಗಟ್ಟಲೆಯ ಬಿಸಿನೀರು, ಕ್ಷಾರದ ಸೋಪು ತಡೆಯುವಷ್ಟು ಗಟ್ಟಿ ಪಿಂಡ ಅದಲ್ಲ. ಕೈಯಲ್ಲಿ ತೊಳೆದು ಒರೆಸಿಟ್ಟರೆ ಸಾಕು. ಗೀರು ಬಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ, ಬಟ್ಟೆಯಲ್ಲಿ ತಿಕ್ಕಬೇಕು. ಹೊಳಪು ಮೇಲೆ ಬಳಿದದ್ದಲ್ಲ, ರೆಸಿನ್ ಒಳಗೂ ಅಷ್ಟೇ ಇದೆ. ತಿಕ್ಕಿದಷ್ಟೂ ಕೆಳಗಿನಿಂದ ಹೊಸ ಹೊಳಪು ಏಳುತ್ತದೆ.