ಕೇಳುವವರ ಮನೆ: ಅರೆಕೆರೆಯ ‘ಸಮಾಧಾನ’

“ಭಾಳ ಮನಸಿಗಿ ಹಚ್ಕೊಂಡಾನ್ರಿ, ಊಟ ಇಲ್ಲ, ನಿದ್ದಿ ಇಲ್ಲ.” ಚಂದ್ರಂಪಳ್ಳಿ ಕೆರೆಯ ಆಸುಪಾಸಿನ ತಾಂಡಾಗಳಲ್ಲಾಗಲಿ, ಚಿಂಚೋಳಿ ಬಸ್‌ಸ್ಟ್ಯಾಂಡಿನಲ್ಲಾಗಲಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಎದುರಿನ ಚಹಾದಂಗಡಿಯಲ್ಲಾಗಲಿ ಈ ಮಾತು ಹೊಸದಲ್ಲ. ತೊಗರಿಗೆ ನೆಟೆರೋಗ ಬಿದ್ದ ವರ್ಷ ಇದು ಹೆಚ್ಚು ಕೇಳಿಸುತ್ತದೆ. ಹೈದರಾಬಾದಿಗೋ ಮುಂಬೈಗೋ ದುಡಿಯಲು ಹೋದವರಿಂದ ಫೋನ್ ಬಾರದಿದ್ದಾಗಲೂ ಕೇಳಿಸುತ್ತದೆ. ಆಮೇಲೆ ಏನು ಮಾಡುವುದು ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಕೆಲವರು ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ, ಕೆಲವರು ದರ್ಗಾಕ್ಕೆ. ತೀರಾ ಕೈಮೀರಿದಾಗ ಕಲಬುರಗಿಯ ದೊಡ್ಡಾಸ್ಪತ್ರೆ. ದೇವರಿಗೂ ಡಾಕ್ಟರಿಗೂ ನಡುವೆ, ಕುಳಿತು ಮನಸ್ಸು ಬಿಚ್ಚಿ ಮಾತಾಡುವ ಒಂದು ಜಾಗ ನಮ್ಮ ಸೀಮೆಯಲ್ಲಿ ಅಪರೂಪ.

ಅಂಥ ಜಾಗವೊಂದು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂದು ತಿಳಿಯಬೇಕಾದರೆ ಬೆಂಗಳೂರಿನ ಅರೆಕೆರೆಯಲ್ಲಿರುವ ‘ಸಮಾಧಾನ’ ಆಪ್ತಸಲಹಾ ಕೇಂದ್ರವನ್ನು ನೋಡಬೇಕು. ನಿಮ್ಹಾನ್ಸ್‌ನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅದನ್ನು ಕಟ್ಟಿದವರು. ಚನ್ನಪಟ್ಟಣದ ಈ ವೈದ್ಯರ ಹೆಸರು ಕನ್ನಡ ಓದುಗರಿಗೆ ಪರಿಚಿತ. ಮನಸ್ಸಿನ ಕಾಯಿಲೆಗಳ ಬಗ್ಗೆ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಹಳ್ಳಿಯವರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ‘ಸಮಾಧಾನ’ದಲ್ಲಿ ಸಲಹೆಗೆ ಶುಲ್ಕವಿಲ್ಲ. ಅಲ್ಲಿ ಕುಳಿತು ಕೇಳುವವರೆಲ್ಲ ಡಾಕ್ಟರುಗಳೂ ಅಲ್ಲ. ತರಬೇತಿ ಪಡೆದ ಸ್ವಯಂಸೇವಕರೇ ಕೇಂದ್ರದ ಬಲ.

ಡಾಕ್ಟರಲ್ಲದವರ ಕೈಗೆ ಇಂಥ ನಾಜೂಕಿನ ಕೆಲಸ ಕೊಡಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಕರ್ನಾಟಕದಲ್ಲಿ ಐದು ದಶಕಗಳ ಹಿಂದೆಯೇ ಶುರುವಾಗಿತ್ತು. ನಿಮ್ಹಾನ್ಸ್‌ನಲ್ಲಿ 1975ರಲ್ಲಿ ಸಮುದಾಯ ಮನೋವೈದ್ಯಕ್ಕೆಂದೇ ಒಂದು ಘಟಕ ಆರಂಭವಾಯಿತು. ಬೆಂಗಳೂರಿನ ಹೊರವಲಯದ ಸಕಲವಾರ ಅದರ ಪ್ರಯೋಗಶಾಲೆಯಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದರೆ ಮನೋರೋಗವನ್ನು ಗುರುತಿಸಬಲ್ಲರು, ಔಷಧಿ ತಪ್ಪದಂತೆ ನೋಡಿಕೊಳ್ಳಬಲ್ಲರು, ಮನೆಯವರಿಗೆ ತಿಳಿಹೇಳಬಲ್ಲರು ಎಂಬುದು ಅಲ್ಲಿ ಕಂಡುಬಂತು. ಇಡೀ ಜಿಲ್ಲೆಯಲ್ಲಿ ಇದನ್ನು ಮಾಡಿ ನೋಡಲು ಆರಿಸಿಕೊಂಡದ್ದು ನಮ್ಮದೇ ಭಾಗದ ಬಳ್ಳಾರಿಯನ್ನು. 1985ರಿಂದ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಕಾರ್ಯಕರ್ತರು ತರಬೇತಿ ಪಡೆದರು. ಅತ್ಯಗತ್ಯ ಔಷಧಿಗಳು ಊರಿನ ಹತ್ತಿರಕ್ಕೇ ಬಂದವು. ಅದೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದ ಮಟ್ಟದಲ್ಲಿ ಬುನಾದಿಯಾಯಿತು. ಹಿಂದುಳಿದವರೆಂದು ಸದಾ ಕರೆಸಿಕೊಳ್ಳುವ ನಾವು ದೇಶಕ್ಕೆ ದಾರಿ ತೋರಿದ ಸಂಗತಿಯಿದು. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಿಕೊಡಬೇಕು.

ಇನ್ನು ತರಬೇತಿಯ ವಿಷಯ. ಆಪ್ತಸಲಹೆ ಕಲಿಯಲು ಬಂದವರು ಮೊದಲು ಕಲಿಯಬೇಕಾದದ್ದು ಸುಮ್ಮನಿರುವುದನ್ನು. ಯಾರಾದರೂ ಕಣ್ಣೀರು ಹಾಕಿದರೆ ನಾವು ತಟ್ಟನೆ “ಎಲ್ಲಾ ಛಲೋ ಆಗ್ತದ ಬಿಡ್ರಿ” ಅನ್ನುತ್ತೇವೆ, ಇಲ್ಲವೇ ನಮ್ಮದೇ ಕಷ್ಟದ ಕತೆ ತೆಗೆಯುತ್ತೇವೆ. ಎರಡೂ ಎದುರಿಗಿರುವವರ ಬಾಯಿ ಮುಚ್ಚಿಸುತ್ತವೆ. ಪಳಗಿದ ಸಲಹೆಗಾರರು ಹಾಗೆ ಮಾಡುವುದಿಲ್ಲ. ಬಾಗಿಲು ಅರೆಮುಚ್ಚಿ, ಫೋನು ಬದಿಗಿಟ್ಟು, ನೀರಿನ ಲೋಟ ಮುಂದಿಟ್ಟು, “ನಿದ್ದಿ ಕೆಟ್ಟು ಎಷ್ಟ್ ದಿನ ಆಯ್ತ್ರಿ?” ಎಂದು ಸಣ್ಣದರಿಂದ ಶುರುಮಾಡುತ್ತಾರೆ. ಉತ್ತರ ಬರಲು ಎರಡು ನಿಮಿಷ ಹಿಡಿದರೆ ಎರಡು ನಿಮಿಷ ಕಾಯುತ್ತಾರೆ. ಕೇಳಿದ್ದು ಆ ಕೋಣೆ ದಾಟುವುದಿಲ್ಲ. ಎಲ್ಲರೂ ಎಲ್ಲರಿಗೂ ಬೀಗರೇ ಆಗಿರುವ ನಮ್ಮ ಊರುಗಳಲ್ಲಿ ಈ ಗುಟ್ಟು ಕಾಯುವುದೇ ಅತಿ ಕಷ್ಟದ ಶಿಸ್ತು. ಅದು ಒಮ್ಮೆ ಮುರಿದರೆ ಎರಡನೆಯವರು ಆ ಮೆಟ್ಟಿಲು ಹತ್ತುವುದಿಲ್ಲ.

ಇನ್ನೊಂದು ಪಾಠವಿದೆ, ನನಗೆ ಬಹಳ ಮುಖ್ಯವೆನಿಸುವುದು. ಜೀವಕ್ಕೆ ಬೇಸರವಾಗಿದೆ ಎಂದವರನ್ನು “ಸಾಯಬೇಕು ಅಂತ ಅನಿಸ್ತದೇನ್ರಿ?” ಎಂದು ನೇರವಾಗಿ, ಮೆಲ್ಲಗೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ನಮ್ಮಲ್ಲಿದೆ. ಅಧ್ಯಯನಗಳು ಆ ಭಯಕ್ಕೆ ಆಧಾರವಿಲ್ಲ ಎನ್ನುತ್ತವೆ. ಕೇಳಿದಾಗ ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬಾರದು, ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಮನೆಯಿಂದ ದೂರ ಬೀಗದಲ್ಲಿಡಬೇಕು, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತನ್ನ ಕೆಲಸ ಎಲ್ಲಿ ಮುಗಿಯಿತು, ವೈದ್ಯರದು ಎಲ್ಲಿ ಶುರುವಾಯಿತು ಎಂಬುದು ಒಳ್ಳೆಯ ಸಲಹೆಗಾರರಿಗೆ ಗೊತ್ತಿರುತ್ತದೆ.

ಅಗತ್ಯ ಎಷ್ಟಿದೆ ಎಂಬುದಕ್ಕೆ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಸಾಕ್ಷಿ. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದರು. ಬಹುತೇಕ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸರ್ಕಾರವೂ ಕೈಕಟ್ಟಿ ಕುಳಿತಿಲ್ಲ. 2014ರಲ್ಲಿ ಬಂದ ‘ಮನೋಚೈತನ್ಯ’ ಯೋಜನೆ ಮಂಗಳವಾರದಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತರುವ ಏರ್ಪಾಡು. ಆದರೆ ವಾರದ ಉಳಿದ ಆರು ದಿನ, ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಂಜುವವರ ಕೈ ಹಿಡಿಯುವುದಕ್ಕೆ ಊರಿನವರೇ ಬೇಕು.

ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, ಸಮಾಜಕಾರ್ಯ ಓದಿದ ಹುಡುಗ ಹುಡುಗಿಯರಿದ್ದಾರೆ. ಲಂಬಾಣಿ, ಉರ್ದು, ತೆಲುಗು ಬಲ್ಲವರೂ ಅವರಲ್ಲಿದ್ದಾರೆ. ದುಃಖವನ್ನು ಮನೆಮಾತಿನಲ್ಲೇ ಹೇಳಿಕೊಳ್ಳುವ ನಮ್ಮ ಗಡಿಸೀಮೆಗೆ ಇದು ದೊಡ್ಡ ಆಸ್ತಿ. ಇವರಿಗೆ ತರಬೇತಿ ಬೇಕು. ಊರಿನ ಶಾಲೆಯೋ ಮಠವೋ ಗ್ರಂಥಾಲಯವೋ ವಾರಕ್ಕೆರಡು ಸಂಜೆ ಒಂದು ಕೋಣೆ ಬಿಟ್ಟುಕೊಡಬೇಕು. ತಾಲ್ಲೂಕು ಆಸ್ಪತ್ರೆಯ ಜೊತೆ ನಂಟಿರಬೇಕು. ಮುಂದೆ ಬರುವವರು ದಯವಿಟ್ಟು ಬನ್ನಿ.

ಅಲ್ಲಿಯತನಕ, ಮನೆಯಲ್ಲಿ ಯಾರಾದರೂ ಕುಗ್ಗಿ ಕುಳಿತಿದ್ದರೆ ‘ಟೆಲಿ ಮಾನಸ್’ಗೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರ್ಕಾರಿ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.